ಮಕ್ಕಳ ಚಪ್ಪಟೆ ಪಾದ: ಭಯವೆಷ್ಟು, ಚಿಕಿತ್ಸೆಯೆಷ್ಟು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಕ್ಕಳ ಆರೋಗ್ಯದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನನ್ನ ಕಣ್ಣ ಮುಂದೆ ಮೊದಲು ಬಂದುದು ನಮ್ಮ ಶಾಲೆಯ ಜಗುಲಿ. ವಯನಾಡಿನ ಮಳೆಗಾಲದಲ್ಲಿ ಗದ್ದೆಯ ಬದು, ಕಾಫಿ ತೋಟದ ಕಾಲುದಾರಿಗಳನ್ನು ದಾಟಿ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದ ನಾವು, ಹಂಡೆಯ ನೀರಿನಲ್ಲಿ ಕಾಲು ತೊಳೆದು ಜಗುಲಿ ಹತ್ತುತ್ತಿದ್ದೆವು. ಸಿಮೆಂಟು ನೆಲದ ಮೇಲೆ ಒದ್ದೆ ಹೆಜ್ಜೆಗಳು ಸಾಲುಸಾಲಾಗಿ ಮೂಡುತ್ತಿದ್ದವು. ಚಪ್ಪಲಿ ಇದ್ದವರು ಬೆರಳೆಣಿಕೆಯಷ್ಟು ಮಂದಿ. ಯಾವ ಹೆಜ್ಜೆ ಯಾರದೆಂದು ಗುರುತಿಸುವುದು ನಮಗೊಂದು ಆಟವಾಗಿತ್ತು. ಹೆಚ್ಚಿನವರ ಹೆಜ್ಜೆಯಲ್ಲಿ ಒಳಬದಿಗೆ ಒಂದು ಖಾಲಿ ಜಾಗವಿರುತ್ತಿತ್ತು. ನಮ್ಮ ತರಗತಿಯ ಒಬ್ಬನದು ಮಾತ್ರ ಹಿಮ್ಮಡಿಯಿಂದ ಬೆರಳಿನವರೆಗೆ ಮಣೆಯಂತೆ ತುಂಬಿದ ಹೆಜ್ಜೆ. ಅವನನ್ನು ನಾವು ‘ಬಾತುಕೋಳಿ’ ಎಂದು ಹಂಗಿಸುತ್ತಿದ್ದೆವು.

ಮುಂದೆ ನಾನು ವೈದ್ಯವೃತ್ತಿಗೆ ಬಂದ ಮೇಲೆ ಅದೇ ತುಂಬಿದ ಹೆಜ್ಜೆಯ ಚಿಂತೆಯನ್ನು ಹೊತ್ತು ಬಂದ ತಂದೆತಾಯಿಗಳನ್ನು ಬಹಳ ಮಂದಿ ಕಂಡಿದ್ದೇನೆ. “ಡಾಕ್ಟರೇ, ನಮ್ಮ ಹುಡುಗನ ಅಂಗಾಲಿನಲ್ಲಿ ಗುಳಿಯೇ ಇಲ್ಲವಲ್ಲ, ಇವನು ಮುಂದೆ ಓಡಬಲ್ಲನೇ? ಇವನಿಗೆ ಕೆಲಸ ಸಿಕ್ಕೀತೇ?” ಎಂಬ ಪ್ರಶ್ನೆಗೆ ಸಮಾಧಾನವಾಗಿ ಕುಳಿತು ಉತ್ತರ ಹೇಳಲು ಹೊರರೋಗಿ ವಿಭಾಗದಲ್ಲಿ ಸಮಯ ಸಾಲುವುದಿಲ್ಲ. ಆ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಬಾಲಕೃಷ್ಣನ ಹೆಜ್ಜೆ, ನಿಜವಾದ ಮಗುವಿನ ಹೆಜ್ಜೆ

ಗೋಕುಲಾಷ್ಟಮಿಯಂದು ನಮ್ಮ ಹಲವು ಮನೆಗಳಲ್ಲಿ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬರೆಯುವ ಸಂಪ್ರದಾಯವುಂಟು. ಮುಷ್ಟಿ ಕಟ್ಟಿ, ಕಿರುಬೆರಳಿನ ಬದಿಯನ್ನು ಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೊತ್ತಿದರೆ ಅಂಗಾಲು. ಅದರ ಮೇಲೆ ಐದು ಚುಕ್ಕೆಗಳನ್ನಿಟ್ಟರೆ ಬೆರಳುಗಳು. ಹೀಗೆ ಮೂಡಿದ ಹೆಜ್ಜೆಯ ಒಳಬದಿಯಲ್ಲಿ ಅಂದವಾದ ಒಂದು ಬಾಗು ಇರುತ್ತದೆ.

ಆದರೆ ಅದೇ ಮನೆಯ ಒಂದು ವರ್ಷದ ಕೂಸಿನ ಕಾಲನ್ನು ಅದೇ ಹಿಟ್ಟಿನ ನೀರಿನಲ್ಲಿ ಅದ್ದಿ ನಡೆಸಿ ನೋಡಿದರೆ ಅಂಥ ಬಾಗು ಕಾಣುವುದಿಲ್ಲ. ಹೆಜ್ಜೆ ತುಂಬಿಯೇ ಇರುತ್ತದೆ. ನಡಿಗೆ ಕಲಿಯುವ ವಯಸ್ಸಿನಲ್ಲಿ ಬಹುಪಾಲು ಮಕ್ಕಳ ಪಾದವೂ ಚಪ್ಪಟೆಯೇ. ಪಾದದ ಗುಳಿ ಹುಟ್ಟುತ್ತಲೇ ಬರುವುದಲ್ಲ, ಬೆಳೆಯುತ್ತ ಬರುವುದು. ಇದೊಂದು ಸಂಗತಿಯನ್ನು ಮನಗಂಡರೆ ತಂದೆತಾಯಿಗಳ ಅರ್ಧ ಚಿಂತೆ ಕಳೆದಂತೆಯೇ ಸರಿ.

ಕಮಾನಿನ ಕೆಲಸವೇನು?

ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವು ಕಲ್ಲಿನ ಸೇತುವೆಯ ಕಮಾನಿನಂತೆ ಒಂದಕ್ಕೊಂದು ಒತ್ತಿಕೊಂಡು, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಒಂದು ಬಾಗನ್ನು ಉಂಟುಮಾಡುತ್ತವೆ. ಆದರೆ ಕಲ್ಲಿನ ಕಮಾನಿಗೂ ಪಾದದ ಕಮಾನಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಕಲ್ಲಿನ ಕಮಾನು ಅಲುಗುವುದಿಲ್ಲ. ಪಾದದ ಕಮಾನು ಅಲುಗುತ್ತದೆ. ಮೂಳೆಗಳನ್ನು ಬಿಗಿದಿರುವ ಅಸ್ಥಿರಜ್ಜುಗಳು, ಅಂಗಾಲಿನುದ್ದಕ್ಕೂ ಬಿಲ್ಲಿನ ಹೆದೆಯಂತೆ ಹಾಸಿಕೊಂಡಿರುವ ಗಟ್ಟಿಯಾದ ತಂತುಪಟ್ಟಿ, ಮೀನಖಂಡದಿಂದ ಇಳಿದು ಬಂದು ಪಾದದ ಒಳಬದಿಯನ್ನು ಎತ್ತಿ ಹಿಡಿಯುವ ಸ್ನಾಯುರಜ್ಜು ಇವೆಲ್ಲ ಸೇರಿ ಈ ಕಮಾನನ್ನು ಜೀವಂತವಾಗಿರಿಸುತ್ತವೆ. ಕಾಲೂರಿದಾಗ ಅದು ಸ್ವಲ್ಪ ಕುಸಿದು ಭಾರವನ್ನು ಹೀರಿಕೊಳ್ಳುತ್ತದೆ. ಕಾಲೆತ್ತುವಾಗ ಬಿಗಿಯಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ.

ಆದುದರಿಂದ ಪಾದದ ಗುಣವನ್ನು ಅದರ ಎತ್ತರದಿಂದ ಅಳೆಯುವುದಕ್ಕಿಂತ ಅದರ ಚಲನೆಯಿಂದ ಅಳೆಯುವುದು ಯುಕ್ತ. ಕಮಾನು ತಗ್ಗಿದ್ದರೂ ಮೆದುವಾಗಿ ಬಾಗುವ ಪಾದ ಚೆನ್ನಾಗಿ ದುಡಿಯುತ್ತದೆ. ಕಮಾನು ಅಂದವಾಗಿದ್ದರೂ ಬಿಗಿದುಕೊಂಡ ಪಾದ ನೋಯುತ್ತದೆ. ಈ ಲೇಖನದ ಸಾರವೆಲ್ಲ ಈ ಮಾತಿನಲ್ಲಿಯೇ ಅಡಗಿದೆಯೆನ್ನಬಹುದು.

ಮಗುವಿನ ಪಾದ ಚಪ್ಪಟೆಯಾಗಿ ಕಾಣಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಕೂಸಿನ ಅಂಗಾಲಿನಲ್ಲಿ ಕೊಬ್ಬಿನ ಒಂದು ಮೆತ್ತೆಯಿದ್ದು ಅದು ಗುಳಿಯನ್ನು ಮುಚ್ಚಿಬಿಡುತ್ತದೆ. ಎರಡನೆಯದಾಗಿ, ಆ ವಯಸ್ಸಿನಲ್ಲಿ ಪಾದದ ಹಲವು ಮೂಳೆಗಳು ಇನ್ನೂ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಕಮಾನಿನ ನಡುಗಲ್ಲಿನಂತಿರುವ ದೋಣಿಯಾಕಾರದ ಮೂಳೆ ಗಟ್ಟಿಯಾಗತೊಡಗುವುದು ಸಾಮಾನ್ಯವಾಗಿ ಮೂರನೆಯ ವರ್ಷದ ಸುಮಾರಿಗೆ. ಮೂರನೆಯದಾಗಿ, ಚಿಕ್ಕ ಮಕ್ಕಳ ಅಸ್ಥಿರಜ್ಜುಗಳು ಸಡಿಲ. ನಿಂತಾಗ ದೇಹದ ಭಾರಕ್ಕೆ ಕಮಾನು ಕುಸಿಯುತ್ತದೆ, ಕುಳಿತಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಕೊಬ್ಬು ಕರಗುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಬಂಧಗಳು ಬಿಗಿಯುತ್ತವೆ. ಹೀಗೆ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಲ್ಲಿ ಕಮಾನು ತಾನಾಗಿಯೇ ರೂಪುಗೊಳ್ಳುತ್ತದೆ.

ಇದಕ್ಕೆ ಅಂಕಿಅಂಶಗಳ ಬೆಂಬಲವೂ ಉಂಟು. ಆಸ್ಟ್ರಿಯಾ ದೇಶದಲ್ಲಿ 3ರಿಂದ 6 ವರ್ಷದ 835 ಮಕ್ಕಳ ಪಾದಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷದವರಲ್ಲಿ ಶೇಕಡಾ 54ರಷ್ಟು ಮಕ್ಕಳಿಗೆ ಬಾಗುವ ಚಪ್ಪಟೆ ಪಾದವಿತ್ತು. ಆರು ವರ್ಷದವರಲ್ಲಿ ಅದು ಶೇಕಡಾ 24ಕ್ಕೆ ಇಳಿದಿತ್ತು. ನಿಜವಾದ ದೋಷವಿದ್ದ ಪಾದಗಳು ಶೇಕಡಾ 1ಕ್ಕಿಂತಲೂ ಕಡಿಮೆ. ಆದರೂ ಆ ಮಕ್ಕಳಲ್ಲಿ ಶೇಕಡಾ 10ರಷ್ಟು ಮಂದಿ ಆಗಲೇ ಕಮಾನಿನ ಆಸರೆಗಳನ್ನು ಧರಿಸಿದ್ದರು! ಅಗತ್ಯಕ್ಕೂ ಚಿಕಿತ್ಸೆಗೂ ಇರುವ ಅಂತರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಚಪ್ಪಟೆ ಪಾದದಲ್ಲಿ ಎರಡು ಬಗೆ: ಬಾಗುವ ಚಪ್ಪಟೆ ಪಾದ ಮತ್ತು ಬಿಗಿದ ಚಪ್ಪಟೆ ಪಾದ. ಇವೆರಡನ್ನೂ ಬೇರ್ಪಡಿಸಿ ನೋಡಲು ತಂದೆತಾಯಿಗಳೂ ಅಧ್ಯಾಪಕರೂ ಮಾಡಬಹುದಾದ ಸರಳ ಪರೀಕ್ಷೆಗಳಿವೆ.

1. ಒದ್ದೆ ಹೆಜ್ಜೆ. ಮಗುವಿನ ಕಾಲನ್ನು ನೀರಿನಲ್ಲಿ ಅದ್ದಿ ಒಣಗಿದ ಸಿಮೆಂಟು ನೆಲದ ಮೇಲೆ ನಡೆಸಿರಿ. ಒಳಬದಿಯ ಬಾಗು ಕಾಣದಿದ್ದರೆ ಪಾದ ಚಪ್ಪಟೆಯೆಂದು ತಿಳಿಯುತ್ತದೆ. ಆದರೆ ಅದು ಯಾವ ಬಗೆಯದೆಂದು ಇದರಿಂದ ತಿಳಿಯುವುದಿಲ್ಲ. ಆದುದರಿಂದ ಇಲ್ಲಿಗೇ ನಿಲ್ಲಬಾರದು.

2. ತುದಿಗಾಲಲ್ಲಿ ನಿಲ್ಲುವುದು. ಮಗುವಿನ ಬೆನ್ನ ಹಿಂದೆ ಕುಳಿತು, ಅದನ್ನು ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಲು ಹೇಳಿರಿ. ಆಗ ಅಂಗಾಲಿನ ಬಾಗು ಮೇಲೆದ್ದು ಕಾಣಬೇಕು. ಹೊರಕ್ಕೆ ವಾಲಿದ್ದ ಹಿಮ್ಮಡಿ ನೇರವಾಗಿ ಸ್ವಲ್ಪ ಒಳಕ್ಕೆ ತಿರುಗಬೇಕು. ಹಾಗಾದರೆ ಅದು ಬಾಗುವ ಪಾದ.

3. ಹೆಬ್ಬೆರಳನ್ನು ಎತ್ತುವುದು. ಮಗು ಎರಡೂ ಕಾಲೂರಿ ನಿಂತಿರುವಾಗ ಅದರ ಹೆಬ್ಬೆರಳನ್ನು ಮಾತ್ರ ಮೆಲ್ಲನೆ ಮೇಲಕ್ಕೆತ್ತಿರಿ. ಅಂಗಾಲಿನ ತಂತುಪಟ್ಟಿ ರಾಟೆಯ ಹಗ್ಗದಂತೆ ಬಿಗಿದು ಕಮಾನು ಏಳುತ್ತದೆ. ಇದೂ ಒಳ್ಳೆಯ ಲಕ್ಷಣ.

4. ಹಿಮ್ಮಡಿಯ ನರ. ಮಗುವನ್ನು ಮಲಗಿಸಿ, ಮಂಡಿಯನ್ನು ನೇರವಾಗಿರಿಸಿ, ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಬಗ್ಗಿಸಿರಿ. ಜನರು ಹಿಮ್ಮಡಿಯ ನರವೆಂದು ಕರೆಯುವ ಆ ದಪ್ಪ ಸ್ನಾಯುರಜ್ಜು ಮೊಟಕಾಗಿದ್ದರೆ ಪಾದ ಮೇಲಕ್ಕೆ ಬಾರದು. ಬಾಗುವ ಚಪ್ಪಟೆ ಪಾದವೂ ಇಂಥ ಸಂದರ್ಭದಲ್ಲಿ ಮುಂದೆ ನೋವು ಕೊಡಬಹುದು.

ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳಲ್ಲಿ ಕಮಾನು ಎದ್ದು ಬಂದು, ಮಗುವಿಗೆ ನೋವಿಲ್ಲದೆ ಅದು ಓಡಾಡಿಕೊಂಡಿದ್ದರೆ ಆ ಪಾದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ. ಇದು ಉಡಾಫೆಯ ಮಾತಲ್ಲ. ಹೀಗೆ ಹೇಳಲು ವೈದ್ಯಶಾಸ್ತ್ರ ಬಹಳ ಕಾಲ ತೆಗೆದುಕೊಂಡಿದೆ.

ಬೂಟಿನಿಂದ ಕಮಾನು ಕಟ್ಟಬಹುದೇ?

ಹಿಂದೆ ಚಪ್ಪಟೆ ಪಾದವೆಂದರೆ ವಿಶೇಷ ಬೂಟು ಎಂಬುದು ಬಹುತೇಕ ನಿಯಮವೇ ಆಗಿತ್ತು. ಗಟ್ಟಿಯಾದ ಅಟ್ಟೆ, ಎತ್ತರಿಸಿದ ಹಿಮ್ಮಡಿ, ಒಳಗೊಂದು ದಿಂಬು. ಮಗು ಅದನ್ನು ಬೆಳಗಿನಿಂದ ಸಂಜೆಯವರೆಗೆ ಎಳೆದುಕೊಂಡು ನಡೆಯಬೇಕು. ಎರಡು ಮೂರು ವರ್ಷದ ನಂತರ ಕಮಾನು ಮೂಡಿದರೆ, “ನೋಡಿ, ಬೂಟಿನ ಫಲ” ಎಂದು ಎಲ್ಲರೂ ಸಂತೋಷಪಡುತ್ತಿದ್ದರು. ಬೂಟಿಲ್ಲದೆಯೂ ಅದು ಮೂಡುತ್ತಿತ್ತೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಅಮೆರಿಕದ ಡಲ್ಲಾಸ್ ನಗರದ ಮೂಳೆ ತಜ್ಞರು ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡರು. ಬಾಗುವ ಚಪ್ಪಟೆ ಪಾದವಿದ್ದ 129 ಚಿಕ್ಕ ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ. ಒಂದಕ್ಕೆ ವಿಶೇಷ ಬೂಟು. ಒಂದಕ್ಕೆ ಹಿಮ್ಮಡಿಯನ್ನು ಹಿಡಿಯುವ ಬಟ್ಟಲು. ಇನ್ನೊಂದಕ್ಕೆ ಕಾಲಿನ ಅಚ್ಚು ತೆಗೆದು ಮಾಡಿದ ಆಸರೆ. ಮೂರು ವರ್ಷಗಳ ತರುವಾಯ ಕ್ಷಕಿರಣ ಚಿತ್ರಗಳನ್ನು ತೆಗೆದು ಹೋಲಿಸಿ ನೋಡಿದಾಗ ನಾಲ್ಕೂ ಗುಂಪಿನ ಮಕ್ಕಳ ಪಾದಗಳು ಸುಧಾರಿಸಿದ್ದವು. ಗುಂಪು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಈ ವರದಿ 1989ರಲ್ಲಿ ಪ್ರಕಟವಾಯಿತು. ಅಂದರೆ ಕಮಾನನ್ನು ಕಟ್ಟಿದ್ದು ಬೂಟಲ್ಲ, ವಯಸ್ಸು. ಆ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಗಳು 2010ರಲ್ಲಿಯೂ ಮತ್ತೆ 2022ರಲ್ಲಿಯೂ, ನೋವಿಲ್ಲದ ಮಕ್ಕಳಿಗೆ ದುಬಾರಿ ಆಸರೆಗಳನ್ನು ತೊಡಿಸುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂಬ ಅಭಿಪ್ರಾಯವನ್ನೇ ತಿಳಿಸಿವೆ.

ಬೂಟಿನಿಂದ ಲಾಭವಿಲ್ಲದಿದ್ದರೆ ನಷ್ಟವಾದರೂ ಏನು ಎಂದು ಕೇಳಬಹುದು. ಹಣದ ಮಾತು ಹಾಗಿರಲಿ. ಬಾಲ್ಯದಲ್ಲಿ ಇಂಥ ಬೂಟುಗಳನ್ನು ಧರಿಸಿದ್ದವರನ್ನು ದೊಡ್ಡವರಾದ ಮೇಲೆ ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರು ಆ ದಿನಗಳನ್ನು ಕಹಿಯಾಗಿ ನೆನೆದರು, ತಮ್ಮ ಬಗ್ಗೆ ತಾವು ಕೀಳಾಗಿ ಭಾವಿಸುವುದೂ ಅವರಲ್ಲಿ ಹೆಚ್ಚಿತ್ತು ಎಂದು ಕಂಡುಬಂದಿತು. ನಾನು ಕಂಡ ಒಂದು ಪ್ರಸಂಗ ಇದನ್ನೇ ಹೇಳುತ್ತದೆ. ತೋಟದ ಕೆಲಸ ಮಾಡುವ ತಾಯಿಯೊಬ್ಬರು ತಮ್ಮ ನಾಲ್ಕು ವರ್ಷದ ಮಗನಿಗೆ ಸಾಲ ಮಾಡಿ ಇಂಥ ಬೂಟು ತಂದಿದ್ದರು. ಹುಡುಗ ಅದನ್ನು ತೊಟ್ಟು ಮೂಲೆಯಲ್ಲಿ ಕುಳಿತುಬಿಡುತ್ತಿದ್ದ. ಓರಗೆಯವರೊಡನೆ ಆಡುವುದನ್ನೇ ಬಿಟ್ಟಿದ್ದ. ಅವನನ್ನು ತುದಿಗಾಲಲ್ಲಿ ನಿಲ್ಲಿಸಿದೆ; ಅಂದವಾದ ಕಮಾನು ಎದ್ದು ಬಂದಿತು. “ಅಮ್ಮಾ, ಇದನ್ನು ಕಳಚಿಬಿಡಿ, ಇವನನ್ನು ಅಂಗಳಕ್ಕೆ ಬಿಡಿ” ಎಂದೆ. ಆ ತಾಯಿ ಮೊದಲು ನಂಬಲಿಲ್ಲ. ಚೀಟಿಯಲ್ಲಿ ಔಷಧಿ ಬರೆಯದ ವೈದ್ಯನನ್ನು ನಂಬುವುದು ಯಾರಿಗಾದರೂ ಕಷ್ಟವೇ!

ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಅಜ್ಜಿಯರು ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ‘ಗುಳಿ ತೆಗೆಯುವ’ ರೂಢಿಯೂ ನಮ್ಮಲ್ಲುಂಟು. ಮೆಲ್ಲನೆ ಒತ್ತಿದರೆ ಅದರಿಂದ ಕೇಡಿಲ್ಲ, ಮಗುವಿಗೆ ಹಿತವೇ. ಆದರೆ ಕಮಾನು ಬರುವುದು ಆ ಒತ್ತುವಿಕೆಯಿಂದಲ್ಲ ಎಂಬುದನ್ನು ತಿಳಿದಿದ್ದರೆ ಸಾಕು.

ಮಣಿಪಾಲದ ಹೆಜ್ಜೆಗುರುತುಗಳು

ಈ ವಿಷಯದಲ್ಲಿ ಜಗತ್ತಿನ ಮೂಳೆ ತಜ್ಞರೆಲ್ಲ ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಉದಯ ಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷ ವಯಸ್ಸಿನ 2300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ಪರಿಶೀಲಿಸಿದರು. ನಾವು ಜಗುಲಿಯ ಮೇಲೆ ಆಟವಾಗಿ ಮಾಡುತ್ತಿದ್ದುದನ್ನು ಅವರು ಶಾಸ್ತ್ರವಾಗಿ ಮಾಡಿದರು ಎನ್ನಬಹುದು. 1992ರಲ್ಲಿ ಬ್ರಿಟನ್ನಿನ ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಫಲಿತಾಂಶ ಸ್ಪಷ್ಟವಾಗಿತ್ತು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇಕಡಾ 8.6, ಬರಿಗಾಲಿನ ಮಕ್ಕಳಲ್ಲಿ ಶೇಕಡಾ 2.8. ಪಾದರಕ್ಷೆಗಳಲ್ಲಿಯೂ ಬೆರಳು ಮುಚ್ಚುವ ಬೂಟು ಧರಿಸುವವರಲ್ಲಿ ಅತಿ ಹೆಚ್ಚು. ಸ್ಯಾಂಡಲ್ ಮತ್ತು ಚಪ್ಪಲಿ ಧರಿಸುವವರಲ್ಲಿ ಅದಕ್ಕಿಂತ ಕಡಿಮೆ. ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. ಹುಟ್ಟಿನಿಂದಲೇ ಕೀಲುಗಳ ಬಂಧ ಸಡಿಲವಾಗಿದ್ದ ಮಕ್ಕಳಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತಿತ್ತು.

ಅದೇ ಡಾ. ಜೋಸೆಫ್ ಅವರು ಡಾ. ಸಚ್ಚಿದಾನಂದಂ ಅವರೊಡನೆ ನಡೆಸಿ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೂಳೆಯ ಬೆಳವಣಿಗೆ ಪೂರ್ಣಗೊಂಡ 1846 ಮಂದಿಯನ್ನು ಪರೀಕ್ಷಿಸಲಾಯಿತು. ಆರು ವರ್ಷಕ್ಕೆ ಮೊದಲೇ ಪಾದರಕ್ಷೆ ಧರಿಸತೊಡಗಿದವರಲ್ಲಿ ಚಪ್ಪಟೆ ಪಾದ ಶೇಕಡಾ 3.24ರಷ್ಟಿದ್ದರೆ, ಹದಿನಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಧರಿಸಿದವರಲ್ಲಿ ಶೇಕಡಾ 1.75 ಮಾತ್ರ. ಬಾಲ್ಯದಲ್ಲಿ ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕಾಲ ಪಾದರಕ್ಷೆ ತೊಟ್ಟವರಲ್ಲಿ ಪ್ರಮಾಣ ಅತಿ ಹೆಚ್ಚು. ದೇಹದ ತೂಕ ಹೆಚ್ಚಾಗಿದ್ದವರಲ್ಲಿಯೂ ಅದು ಹೆಚ್ಚು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಿದ್ಧವಾಗುವುದಿಲ್ಲ. ಬರಿಗಾಲಿನ ಮಕ್ಕಳು ಹೆಚ್ಚು ನಡೆದಿರಬಹುದು, ಮರ ಹತ್ತಿರಬಹುದು, ಅವರ ತೂಕವೂ ಕಡಿಮೆಯಿದ್ದಿರಬಹುದು. ಎರಡನೆಯ ಅಧ್ಯಯನದಲ್ಲಿ ತೂಕ ಮತ್ತು ಬಂಧಗಳ ಸಡಿಲತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಬೇಗನೆ ಪಾದರಕ್ಷೆ ತೊಟ್ಟವರಲ್ಲಿ ಪ್ರಮಾಣ ಹೆಚ್ಚೇ ಇದ್ದಿತು ಎಂಬುದು ಗಮನಾರ್ಹ. ಆದುದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಹುದು: ಬೆಳೆಯುವ ಪಾದಕ್ಕೆ ಬೇಕಾದುದು ಬಿಗಿಯಾದ ಪೆಟ್ಟಿಗೆಯಲ್ಲ, ಅಲುಗಾಡಲು ಅವಕಾಶ.

ಹಾಗಾದರೆ ಎಲ್ಲರೂ ಬರಿಗಾಲೇ?

ಖಂಡಿತ ಅಲ್ಲ. ವಯನಾಡಿನಲ್ಲಿದ್ದು ಹಾಗೆ ಹೇಳುವುದು ಹೊಣೆಗೇಡಿತನವಾದೀತು. ನಮ್ಮ ಕಾಲದಲ್ಲಿ ಬರಿಗಾಲು ಆಯ್ಕೆಯಾಗಿರಲಿಲ್ಲ, ಬಡತನವಾಗಿತ್ತು, ಅದನ್ನು ವೈಭವೀಕರಿಸಬೇಕಾಗಿಲ್ಲ. ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕೊನೆಗೆ ಕರುಳು ಸೇರಿ ರಕ್ತ ಹೀರುತ್ತವೆ. ಆ ರಕ್ತಹೀನತೆಯಿಂದ ಸೊರಗಿದ ಮಕ್ಕಳು ಅಂದಿನ ತರಗತಿಗಳಲ್ಲಿ ಎಷ್ಟೋ ಮಂದಿ. ಇಲಿಜ್ವರದ ರೋಗಾಣು ನಿಂತ ನೀರಿನಿಂದ ಕಾಲಿನ ಬಿರುಕು, ಗಾಯಗಳ ಮೂಲಕ ದೇಹವನ್ನು ಸೇರುತ್ತದೆ; ಕೇರಳದಲ್ಲಿ ಮಳೆಗಾಲದ ಪ್ರತಿವರ್ಷದ ಪಿಡುಗು ಅದು. ಇನ್ನು ಹಾವಿನ ಮಾತು. 2019ರ ನವೆಂಬರಿನಲ್ಲಿ ಸುಲ್ತಾನ್ ಬತ್ತೇರಿಯ ಶಾಲೆಯೊಂದರ ತರಗತಿಯೊಳಗೆಯೇ ಹಾವು ಕಚ್ಚಿ ಪುಟ್ಟ ಬಾಲಕಿಯೊಬ್ಬಳು ಅಸುನೀಗಿದ ದುರಂತವನ್ನು ಈ ಜಿಲ್ಲೆಯ ಯಾವ ತಾಯಿಯೂ ಮರೆತಿಲ್ಲ.

ಆದುದರಿಂದ ಬರಿಗಾಲಿಗೆ ಒಂದು ಜಾಗ, ಪಾದರಕ್ಷೆಗೆ ಒಂದು ಜಾಗ ಎಂದು ವಿಂಗಡಿಸಿಕೊಳ್ಳುವುದು ಲೇಸು. ಮನೆಯೊಳಗೆ, ಗುಡಿಸಿ ಸಾರಿಸಿದ ಅಂಗಳದಲ್ಲಿ, ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ, ಸ್ವಚ್ಛವಾದ ಮರಳಿನಲ್ಲಿ ಮಗು ಬರಿಗಾಲಲ್ಲಿ ಆಡಲಿ. ತೋಟ, ಗದ್ದೆ, ಕಾಡಿನಂಚು, ಕೊಟ್ಟಿಗೆ, ಶೌಚಾಲಯ ಮತ್ತು ರಸ್ತೆಗಳಲ್ಲಿ ಪಾದರಕ್ಷೆ ತೊಡಲಿ. ಅದು ಕೂಡ ಹೇಗಿರಬೇಕು? ಅಟ್ಟೆ ಕೈಯಲ್ಲಿ ಬಗ್ಗಿಸಿದರೆ ಬಾಗಬೇಕು, ಮುಂಭಾಗ ಅಗಲವಾಗಿದ್ದು ಬೆರಳುಗಳು ಹರಡಿಕೊಳ್ಳಲು ಎಡೆಯಿರಬೇಕು, ಹೆಬ್ಬೆರಳಿನ ಮುಂದೆ ಸುಮಾರು ಒಂದು ಬೆರಳಗಲ ಜಾಗವಿರಬೇಕು, ಹಿಮ್ಮಡಿಗೆ ಪಟ್ಟಿಯಿರಬೇಕು. ‘ಎರಡು ವರ್ಷಕ್ಕೆ ಬರಲಿ’ ಎಂದು ದೊಡ್ಡ ಅಳತೆಯದನ್ನು ಕೊಳ್ಳುವುದೂ, ಅಣ್ಣ ತೊಟ್ಟು ಸವೆಸಿದ್ದನ್ನು ತಮ್ಮನಿಗೆ ತೊಡಿಸುವುದೂ ಒಳ್ಳೆಯದಲ್ಲ. ಶಾಲಾ ಸಮವಸ್ತ್ರದಲ್ಲಿ ಮುಚ್ಚಿದ ಬೂಟನ್ನು ಕಡ್ಡಾಯ ಮಾಡುವ ಆಡಳಿತ ಮಂಡಳಿಗಳು ಕೆಳಗಿನ ತರಗತಿಯ ಮಕ್ಕಳಿಗಾದರೂ ಪಟ್ಟಿಯಿರುವ ಸ್ಯಾಂಡಲಿಗೆ ಅನುಮತಿ ನೀಡುವುದನ್ನು ಪರಿಶೀಲಿಸಬೇಕೆಂದು ನನ್ನ ವಿನಂತಿ. ಮಳೆಯಲ್ಲಿ ನೆನೆದ ಬೂಟು, ಕಾಲುಚೀಲಗಳಲ್ಲಿ ದಿನವಿಡೀ ಕುಳಿತಿರುವ ಮಗುವಿನ ಬೆರಳ ಸಂದಿಯೂ ಅದನ್ನೇ ಬೇಡುತ್ತದೆ.

ನಿರ್ಲಕ್ಷಿಸಬಾರದ ಪಾದ

ಹೆದರಬೇಡಿ ಎಂದು ಹೇಳಿದ್ದಾಯಿತು. ಯಾವಾಗ ಎಚ್ಚರವಾಗಬೇಕು ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಎಲ್ಲ ಚಪ್ಪಟೆ ಪಾದಗಳನ್ನೂ ಒಂದೇ ಎಂದು ತಿಳಿಯುವುದರಿಂದ ಎರಡು ಬಗೆಯ ಅನ್ಯಾಯವಾಗುತ್ತದೆ. ಬೇಡದ ಮಗುವಿಗೆ ಚಿಕಿತ್ಸೆ ದೊರೆಯುತ್ತದೆ. ಬೇಕಾದ ಮಗುವಿಗೆ ದೊರೆಯುವುದಿಲ್ಲ.

ಹನ್ನೊಂದು ವರ್ಷದ ಒಬ್ಬ ಬಾಲಕಿಯ ನೆನಪು ನನ್ನನ್ನು ಈಗಲೂ ಕಾಡುತ್ತದೆ. ಆಕೆ ಕವಾಯತಿನಲ್ಲಿ ಹಿಂದೆ ಬೀಳುತ್ತಿದ್ದಳು. ಓಟವೆಂದರೆ ನೆಪ ಹೇಳುತ್ತಿದ್ದಳು. ಮೇಲಿಂದ ಮೇಲೆ ಕಾಲು ಉಳುಕುತ್ತಿತ್ತು. ಶಾಲೆಯಲ್ಲಿ ‘ಸೋಮಾರಿ’ ಎಂಬ ಹೆಸರಾಯಿತು. ಮನೆಯಲ್ಲಿಯೂ ಅದನ್ನೇ ನಂಬಿದರು. ಎರಡು ವರ್ಷಗಳ ನಂತರ ಬೇರೆ ಯಾವುದೋ ಜ್ವರಕ್ಕೆಂದು ಬಂದಾಗ ಆಕೆಯ ನಡಿಗೆ ಕಂಡು ತುದಿಗಾಲಲ್ಲಿ ನಿಲ್ಲಲು ಹೇಳಿದೆ. ಬಲಗಾಲಿನ ಕಮಾನು ಏಳಲಿಲ್ಲ; ಹಿಮ್ಮಡಿ ತಿರುಗಲೂ ಇಲ್ಲ. ಪಾದವನ್ನು ಕೈಯಲ್ಲಿ ಹಿಡಿದು ಅತ್ತಿತ್ತ ವಾಲಿಸಲು ಹೋದರೆ ಮರದ ತುಂಡಿನಂತೆ ಬಿಗಿದಿತ್ತು. ಬೇರೆ ಬೇರೆಯಾಗಿರಬೇಕಾದ ಎರಡು ಮೂಳೆಗಳು ಹುಟ್ಟಿನಿಂದಲೇ ಒಂದಕ್ಕೊಂದು ಅಂಟಿಕೊಂಡಿದ್ದವು. ಚಿಕ್ಕಂದಿನಲ್ಲಿ ಆ ಸೇತುವೆ ಮೃದ್ವಸ್ಥಿಯಾಗಿರುವುದರಿಂದ ತೊಂದರೆ ಕೊಡುವುದಿಲ್ಲ. ಸುಮಾರು ಎಂಟರಿಂದ ಹದಿನಾರು ವರ್ಷದೊಳಗೆ ಅದು ಗಟ್ಟಿಯಾಗುತ್ತ ಬಂದಾಗ ನೋವು ಆರಂಭವಾಗುತ್ತದೆ. ಆ ಹುಡುಗಿ ಸೋಮಾರಿಯಾಗಿರಲಿಲ್ಲ. ಎರಡು ವರ್ಷ ನೋವು ನುಂಗಿಕೊಂಡೇ ನಡೆದಿದ್ದಳು.

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದಿದ್ದರೂ ಮಗುವನ್ನು ಮೂಳೆ ತಜ್ಞರಿಗೆ ತೋರಿಸಲೇಬೇಕು:

ಒಂದು, ತುದಿಗಾಲಲ್ಲಿ ನಿಂತಾಗಲೂ ಕಮಾನು ಏಳದಿರುವುದು, ಪಾದ ಬಿಗಿಯಾಗಿರುವುದು.
ಎರಡು, ಪಾದ, ಹರಡು ಅಥವಾ ಮೀನಖಂಡದಲ್ಲಿ ನೋವು; ಆಟದ ಮಧ್ಯೆ ಮಗು ತಾನಾಗಿಯೇ ಕುಳಿತುಬಿಡುವುದು.
ಮೂರು, ಒಂದೇ ಪಾದ ಚಪ್ಪಟೆಯಾಗಿರುವುದು.
ನಾಲ್ಕು, ಮೊದಲು ಇದ್ದ ಕಮಾನು ಎಂಟು ಹತ್ತು ವರ್ಷದ ನಂತರ ಮಾಯವಾಗುವುದು, ಇಲ್ಲವೇ ಪದೇ ಪದೇ ಕಾಲು ಉಳುಕುವುದು.
ಐದು, ಮಗು ತಡವಾಗಿ ನಡೆಯುವುದು, ಆಗಾಗ ಮುಗ್ಗರಿಸುವುದು, ಕೈಕಾಲುಗಳಲ್ಲಿ ಬಲಹೀನತೆ ಅಥವಾ ಬಿಗಿತ ಕಾಣುವುದು.
ಆರು, ಹುಟ್ಟಿದ ಕೂಸಿನ ಅಂಗಾಲು ಚಪ್ಪಟೆಯಾಗಿರದೆ ದೋಣಿಯ ತಳದಂತೆ ಕೆಳಕ್ಕೆ ಉಬ್ಬಿರುವುದು. ಇದು ಅಪರೂಪ, ಆದರೆ ಇದಕ್ಕೆ ಮೊದಲ ತಿಂಗಳುಗಳಲ್ಲಿಯೇ ಚಿಕಿತ್ಸೆ ಆರಂಭವಾಗಬೇಕು.

ಚಿಕಿತ್ಸೆ ಬೇಕಾದಾಗ

ಬಾಗುವ ಪಾದವೇ ಆಗಿದ್ದು ನೋವಿದ್ದರೆ, ಮೊದಲ ಚಿಕಿತ್ಸೆ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ ಅರ್ಧ ನಿಮಿಷ ನಿಲ್ಲುವುದು. ಹೀಗೆ ದಿನಕ್ಕೆ ಎರಡು ಹೊತ್ತು, ಕಾಲಿಗೆ ನಾಲ್ಕೈದು ಬಾರಿ. ತುದಿಗಾಲಿನ ನಡಿಗೆ, ಬೆರಳಿನಿಂದ ನೆಲದ ಬಟ್ಟೆಯನ್ನು ಮುದುಡಿ ಎತ್ತುವುದು, ಕುಂಟೆಬಿಲ್ಲೆ, ಹಗ್ಗದಾಟ ಇವೂ ಪಾದದ ಸ್ನಾಯುಗಳಿಗೆ ಒಳ್ಳೆಯ ಕಸರತ್ತು. ತೂಕ ಹೆಚ್ಚಿದ್ದರೆ ಇಳಿಸಬೇಕು. ಇಷ್ಟಾದರೂ ನೋವು ಉಳಿದರೆ ಬೂಟಿನೊಳಗೆ ಇಡುವ ಮೆದು ಆಸರೆ ಪ್ರಯೋಜನಕ್ಕೆ ಬರುತ್ತದೆ. ಕನ್ನಡಕ ತೊಟ್ಟಾಗ ಕಾಣುತ್ತದೆ, ಕಳಚಿದರೆ ಇಲ್ಲ. ಅದರಂತೆ ಆಸರೆ ನೋವನ್ನು ತಗ್ಗಿಸುತ್ತದೆಯೇ ಹೊರತು ಕಮಾನನ್ನು ಕಟ್ಟುವುದಿಲ್ಲ. ಅದಕ್ಕೆ ದುಬಾರಿಯದೇ ಆಗಬೇಕೆಂದಿಲ್ಲ.

ಬಿಗಿದ ಪಾದದ ಮಾತೇ ಬೇರೆ. ಅದಕ್ಕೆ ಕ್ಷಕಿರಣ ಚಿತ್ರ, ಕೆಲವೊಮ್ಮೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಮೂಳೆಗಳು ಅಂಟಿಕೊಂಡಿದ್ದರೆ ಕೆಲವು ವಾರ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಡುವುದರಿಂದಲೇ ಹಲವರಿಗೆ ನೋವು ಶಮನವಾಗುತ್ತದೆ. ಆಗದಿದ್ದರೆ ಆ ಸೇತುವೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ನಾನು ಹೇಳಿದ ಬಾಲಕಿಗೆ ಮಾಡಿದ್ದೂ ಅದನ್ನೇ. ಬಾಗುವ ಪಾದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ಬಹಳ ವಿರಳ. ದೀರ್ಘಕಾಲ ವ್ಯಾಯಾಮ, ಆಸರೆಗಳಿಂದಲೂ ನೋವು ಹೋಗದ ದೊಡ್ಡ ಮಕ್ಕಳಿಗೆ ಮಾತ್ರ ಹಿಮ್ಮಡಿ ಮೂಳೆಯನ್ನು ಕತ್ತರಿಸಿ ಉದ್ದಮಾಡುವಂಥ ಶಸ್ತ್ರಕ್ರಿಯೆಯನ್ನು ಯೋಚಿಸುತ್ತಾರೆ. ‘ನೋಡಲು ಚೆನ್ನಾಗಿರಲಿ’ ಎಂಬ ಕಾರಣಕ್ಕೆ ಮಗುವಿನ ಪಾದಕ್ಕೆ ಕತ್ತಿ ತಾಗಿಸಬಾರದು.

ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಹತ್ತಿರದ ಸೌಲಭ್ಯವನ್ನು ಬಳಸಿಕೊಳ್ಳಬೇಕು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಶಾಲೆಗಳಲ್ಲಿ ಪರೀಕ್ಷಿಸಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆಯಿದೆ. ಆ ತಂಡ ಶಾಲೆಗೆ ಬಂದಾಗ ತೂಕ, ಹಲ್ಲು, ಕಣ್ಣುಗಳ ಜೊತೆಗೆ “ಇವನ ಕಾಲನ್ನೂ ಒಮ್ಮೆ ನೋಡಿ” ಎಂದು ಅಧ್ಯಾಪಕರು ಹೇಳಿದರೆ ಸಾಕು.

ಸೈನ್ಯದ ಪ್ರಶ್ನೆ

ಕೊಡಗಿನ ನೆರೆಯವರಾದ ನಮ್ಮಲ್ಲಿ ಸೇನೆಗೆ ಸೇರುವ ಆಸೆಯ ಹುಡುಗರಿಗೆ ಕೊರತೆಯಿಲ್ಲ. ಚಪ್ಪಟೆ ಪಾದವಿದ್ದರೆ ಆ ಬಾಗಿಲು ಮುಚ್ಚಿದಂತೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಚಪ್ಪಟೆ ಪಾದವನ್ನು ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ನೋಡುವುದು ನಿಜ; ಅದರಿಂದ ತಿರಸ್ಕೃತರಾದವರೂ ಇದ್ದಾರೆ. ಆದರೆ ನಮ್ಮ ಸೇನಾಪಡೆಗಳ ವೈದ್ಯಕೀಯ ಮಾನದಂಡದಲ್ಲಿಯೂ ಈ ಲೇಖನದಲ್ಲಿ ಹೇಳಿದ ವಿವೇಚನೆಯೇ ಇದೆ: ತುದಿಗಾಲಲ್ಲಿ ನಿಂತಾಗ ಕಮಾನು ಮರಳಿ ಬಂದು, ತುದಿಗಾಲಲ್ಲಿ ಜಿಗಿಯಲು ಓಡಲು ಸಾಧ್ಯವಾಗಿ, ಪಾದ ಮೆದುವಾಗಿ ನೋವಿಲ್ಲದೆ ಇದ್ದರೆ ಅದು ಅಡ್ಡಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ 3600ಕ್ಕೂ ಹೆಚ್ಚು ಸೈನಿಕರ ಪಾದಗಳನ್ನು ಪರೀಕ್ಷಿಸಿ 1947ರಲ್ಲಿ ವರದಿ ಪ್ರಕಟಿಸಿದ ಹ್ಯಾರಿಸ್ ಮತ್ತು ಬೀತ್ ಎಂಬ ತಜ್ಞರೂ ಮೆದುವಾದ ಚಪ್ಪಟೆ ಪಾದ ದುಡಿಮೆಗೆ ಕುಂದಲ್ಲವೆಂದೇ ಕಂಡುಕೊಂಡಿದ್ದರು. ನೇಮಕಾತಿಯ ಹಿಂದಿನ ತಿಂಗಳು ಬೂಟು ಕೊಳ್ಳಲು ಓಡುವುದಕ್ಕಿಂತ ಮೊದಲೇ ಪರೀಕ್ಷಿಸಿಕೊಂಡು ನಿಜಸ್ಥಿತಿ ತಿಳಿದಿರುವುದು ಉತ್ತಮ.

ಕೊನೆಯ ಮಾತು

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಗೆಂದು ಊರಿಗೆ ಬಂದಾಗ ನಮ್ಮ ಆ ‘ಬಾತುಕೋಳಿ’ ಸಿಕ್ಕಿದ. ಹೆಸರು ಹೇಳಿದರೆ ಈಗಲೂ ನಾಚಿಕೊಂಡಾನು. ಜೀವನವಿಡೀ ಏಣಿ ಹತ್ತಿ ಕರಿಮೆಣಸು ಕೊಯ್ದವನು. ಅರವತ್ತು ದಾಟಿದರೂ ಅವನೊಡನೆ ಗುಡ್ಡ ಹತ್ತಲು ನನ್ನಿಂದಾಗಲಿಲ್ಲ. ನನ್ನ ಮಂಡಿ ಸೋತಿತು, ಅವನ ಚಪ್ಪಟೆ ಪಾದ ಸೋಲಲಿಲ್ಲ. ಬಾಲ್ಯದಲ್ಲಿ ಹಂಗಿಸಿದ್ದಕ್ಕೆ ಅಂದು ಅವನ ಕ್ಷಮೆ ಕೇಳಿದೆ. “ಅಯ್ಯೋ, ಅದೆಲ್ಲ ಯಾರಿಗೆ ನೆನಪಿದೆ ಮಾರಾಯ” ಎಂದು ನಕ್ಕ. ಆದರೆ ಅವನಿಗೆ ನೆನಪಿತ್ತು ಎಂಬುದು ಅವನ ಮುಖದಲ್ಲಿಯೇ ಕಾಣುತ್ತಿತ್ತು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ, ತಂದೆತಾಯಿಗಳಲ್ಲಿ ನನ್ನದೊಂದೇ ಪ್ರಾರ್ಥನೆ. ಮಗುವಿನ ಹೆಜ್ಜೆ ತುಂಬಿದ್ದರೆ ಅದನ್ನು ಹಂಗಿಸಲು ಬಿಡಬೇಡಿ. ಹೆದರಿ ಬೂಟಿನಲ್ಲಿ ಬಂಧಿಸಲೂಬೇಡಿ. ಒಮ್ಮೆ ತುದಿಗಾಲಲ್ಲಿ ನಿಲ್ಲಿಸಿ ನೋಡಿ. ಕಮಾನು ಎದ್ದರೆ ಆಡಲು ಬಿಡಿ. ಏಳದಿದ್ದರೆ, ನೋವಿದ್ದರೆ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಅರ್ಧ ನಿಮಿಷದ ಈ ಪರೀಕ್ಷೆಗೆ ಖರ್ಚಿಲ್ಲ. ಐವತ್ತು ವರ್ಷಗಳಿಂದ ನಮ್ಮೂರ ಮಕ್ಕಳ ಹೆಜ್ಜೆಗಳನ್ನು ಹೊತ್ತ ಈ ಜಗುಲಿಯ ಮೇಲೆ ಇನ್ನೂ ನೂರಾರು ಪುಟ್ಟ ಪಾದಗಳು ನೋವಿಲ್ಲದೆ, ನಾಚಿಕೆಯಿಲ್ಲದೆ ಓಡಾಡಲಿ ಎಂಬ ಹಾರೈಕೆಯೊಂದಿಗೆ ನನ್ನ ಈ ಬರೆಹವನ್ನು ಮುಗಿಸುತ್ತೇನೆ.